ಸಭಾಂಗಣ ತುಂಬಿದ್ದರೂ ಆಟ ನಿಲ್ಲುವುದೇಕೆ?

ಪ್ರಶ್ನೆ: ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಹೊರಗಿನಿಂದ ಬಂದ ತಂಡವೊಂದರ ಸಂಗೀತ ನಾಟಕ ನೋಡಿದೆ. ಕುರ್ಚಿಗಳು ಬಹುಪಾಲು ತುಂಬಿದ್ದವು. ಆದರೂ ಆ ತಂಡ ಮುಂದಿನ ಪ್ರಯೋಗಗಳನ್ನು ಕೈಬಿಟ್ಟಿದೆಯೆಂದು ಆಮೇಲೆ ತಿಳಿಯಿತು. ನ್ಯೂಯಾರ್ಕಿನಲ್ಲಿ ಮೂವತ್ತೈದು ವರ್ಷ ನಡೆದ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ ಕೂಡ ನಿಂತಿತೆಂದು ಓದಿದ್ದೆ. ಜನ ಬರುತ್ತಿರುವಾಗಲೇ ನಾಟಕ ನಿಲ್ಲಿಸುವುದೇಕೆ? (ಓದುಗರೊಬ್ಬರು, ತುಮಕೂರು)

ಉತ್ತರ: ಟಿಕೆಟ್ಟಿನಿಂದ ಬಂದ ಹಣ ಆಟದ ಖರ್ಚನ್ನು ಮುಟ್ಟದೆ ಹೋದಾಗ ನಾಟಕ ನಿಲ್ಲುತ್ತದೆ. ಕುರ್ಚಿ ತುಂಬಿರುವುದನ್ನು ಕಂಡು ಗಲ್ಲಾಪೆಟ್ಟಿಗೆಯೂ ತುಂಬಿದೆಯೆಂದು ಎಣಿಸಲು ಬರುವುದಿಲ್ಲ. ಲೆಕ್ಕಕ್ಕೆಂದು ಒಂದು ಆಟವನ್ನು ಊಹಿಸಿಕೊಳ್ಳೋಣ. ಇಪ್ಪತ್ತು ಮಂದಿ ನಟನಟಿಯರು, ಆರು ಮಂದಿ ವಾದ್ಯದವರು, ಬೆಳಕು, ಧ್ವನಿ, ರಂಗಸಜ್ಜಿಕೆ ಸಾಗಿಸುವ ಲಾರಿ, ಸಭಾಂಗಣದ ಬಾಡಿಗೆ, ಎಲ್ಲರ ಊಟ ತಿಂಡಿ ಸೇರಿ ಒಂದು ಆಟಕ್ಕೆ 70 ಸಾವಿರ ರೂಪಾಯಿ ಬೀಳುತ್ತದೆ, ಟಿಕೆಟ್ ದರ 200 ರೂಪಾಯಿ ಎಂದಿಟ್ಟುಕೊಳ್ಳಿ. 350 ಟಿಕೆಟ್ ಮಾರಾಟವಾದರೆ ಅಸಲು ಹುಟ್ಟುತ್ತದೆ. ಸಭಾಂಗಣದಲ್ಲಿ 380 ಮಂದಿ ಕುಳಿತಿದ್ದು, ಅವರಲ್ಲಿ 80 ಮಂದಿ ಪಾಸ್ ಹಿಡಿದು ಬಂದ ದಾನಿಗಳು, ಅಧಿಕಾರಿಗಳು ಹಾಗೂ ಅವರ ನೆಂಟರಿಷ್ಟರಾಗಿದ್ದರೆ, ಗಲ್ಲೆಗೆ ಬಿದ್ದಿರುವುದು 60 ಸಾವಿರ ಮಾತ್ರ. ಚಪ್ಪಾಳೆ ಜೋರಾಗಿಯೇ ಇರುತ್ತದೆ. ತಂಡ ಹತ್ತು ಸಾವಿರ ಕಳೆದುಕೊಂಡು ಲಾರಿ ಹತ್ತುತ್ತದೆ. ನೀವು ನೋಡಿದ ತಂಡದ ಲೆಕ್ಕ ಹೀಗೆಯೇ ಇತ್ತೆಂದು ನಾನು ಹೇಳುತ್ತಿಲ್ಲ, ಆದರೆ ನಮ್ಮ ಕಡೆ ಪಾಸಿನ ಕಾಟ ಸಣ್ಣದೇನಲ್ಲ.

‘ಫ್ಯಾಂಟಮ್’ ನಿಂತದ್ದೂ ಇದೇ ಲೆಕ್ಕದಿಂದ. 1988ರ ಜನವರಿಯಲ್ಲಿ ಬ್ರಾಡ್‌ವೇಯ (ನ್ಯೂಯಾರ್ಕಿನ ದೊಡ್ಡ ವೃತ್ತಿ ರಂಗಮಂದಿರಗಳ ವಲಯ) ಮೆಜೆಸ್ಟಿಕ್ ರಂಗಮಂದಿರದಲ್ಲಿ ಆರಂಭವಾದ ಅದು 2023ರ ಏಪ್ರಿಲ್ 16ರಂದು ಮುಗಿಯುವ ಹೊತ್ತಿಗೆ 13,981 ಪ್ರಯೋಗಗಳನ್ನು ಕಂಡಿತ್ತು. ಆದರೆ ಅದರ ವಾದ್ಯವೃಂದವೊಂದರಲ್ಲೇ 27 ಮಂದಿಯಿದ್ದರು. ತೂಗುದೀಪ ಬೀಳಿಸುವ ಯಂತ್ರ, ರಾಶಿ ರಾಶಿ ಉಡುಪು, ಅವನ್ನು ತೊಡಿಸುವವರು, ತೆರೆಯ ಹಿಂದಿನ ಕೆಲಸಗಾರರು ಎಲ್ಲ ಸೇರಿ ವಾರದ ಖರ್ಚು ಹತ್ತು ಲಕ್ಷ ಡಾಲರುಗಳ ಸಮೀಪಕ್ಕೆ ಬಂದಿತ್ತೆಂದು ವರದಿಯಾಗಿತ್ತು. ಕೋವಿಡ್ ಕಾರಣದಿಂದ 2020ರ ಮಾರ್ಚ್ 12ರಂದು ಬ್ರಾಡ್‌ವೇ ಪೂರ್ತಿ ಮುಚ್ಚಿ ಮತ್ತೆ ತೆರೆದಾಗ, ಇಂಥ ಹಳೆಯ ನಾಟಕಗಳಿಗೆ ಆಧಾರವಾಗಿದ್ದ ಹೊರದೇಶದ ಪ್ರವಾಸಿಗರು ಮೊದಲಿನ ಸಂಖ್ಯೆಯಲ್ಲಿ ಮರಳಲಿಲ್ಲ. ಒಂದು ವಾರದ ಲಾಭವನ್ನು ಇನ್ನೊಂದು ವಾರದ ನಷ್ಟ ನುಂಗತೊಡಗಿತು. ನಾಟಕ ನಿಲ್ಲುತ್ತದೆಂದು 2022ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಕೂಡಲೇ ಜನ ಮುಗಿಬಿದ್ದರು. ಫೆಬ್ರವರಿಗೆಂದು ಗೊತ್ತುಮಾಡಿದ್ದ ಕೊನೆಯ ಆಟವನ್ನು ಏಪ್ರಿಲಿಗೆ ಮುಂದೂಡಬೇಕಾಯಿತು. ‘ಇನ್ನು ಕೆಲವೇ ಆಟಗಳು’ ಎಂದು ಊರೆಲ್ಲ ಮೈಕಿನಲ್ಲಿ ಕೂಗಿಸುವ ನಮ್ಮ ಕಂಪನಿ ನಾಟಕದವರಿಗೆ ಈ ವಿದ್ಯೆ ಹೊಸದಲ್ಲ.

ಖರ್ಚಿನಲ್ಲಿ ಎರಡು ಬಗೆಯಿದೆ. ತೆರೆ ಏಳುವ ಮೊದಲೇ ಹಾಕಿದ ಬಂಡವಾಳ ಒಂದು, ವಾರವಾರ ಕೊಡಬೇಕಾದ ಸಂಬಳ ಸಾರಿಗೆ ಇನ್ನೊಂದು. ವಾರದ ಖರ್ಚು ಕಳೆದು ಉಳಿದ ಹಣದಿಂದಷ್ಟೇ ಬಂಡವಾಳ ತೀರಬೇಕು. ‘ಸ್ಪೈಡರ್‌ಮ್ಯಾನ್: ಟರ್ನ್ ಆಫ್ ದಿ ಡಾರ್ಕ್’ ಎಂಬ ನಾಟಕಕ್ಕೆ ಸುಮಾರು 7.5 ಕೋಟಿ ಡಾಲರ್ ಬಂಡವಾಳ ಹೂಡಿದ್ದರು. ಅದು ಸಾವಿರಕ್ಕೂ ಹೆಚ್ಚು ಪ್ರಯೋಗ ಕಂಡಿತು, ಲಕ್ಷಾಂತರ ಜನ ನೋಡಿದರು. ಹಾಗಿದ್ದೂ 2014ರ ಜನವರಿಯಲ್ಲಿ ಬಂಡವಾಳದ ದೊಡ್ಡ ಭಾಗವನ್ನು ಮುಳುಗಿಸಿಕೊಂಡೇ ನಿಂತಿತು. ವೈಭವಕ್ಕೆ ತೆರಬೇಕಾದ ಬೆಲೆ ನಿಮ್ಮ ಜಿಲ್ಲೆಯವರಿಗೆ ಗೊತ್ತಿರದ ಸಂಗತಿಯಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಅದನ್ನು ನೋಡಲು ಜನ ಬಂಡಿ ಕಟ್ಟಿಕೊಂಡು ಬಂದರೆಂಬುದು ಎಷ್ಟು ನಿಜವೋ, ಮಳೆ ಬಂದು ಆಟ ರದ್ದಾದ ದಿನವೂ ಆನೆಗೆ ಮೇವು ಹಾಕಲೇಬೇಕೆಂಬುದೂ ಅಷ್ಟೇ ನಿಜ.

ಇದರ ಮೇಲೆ ಬ್ರಾಡ್‌ವೇಯಲ್ಲಿ ರಂಗಮಂದಿರದ ಒಡೆಯರ ಮಾತೂ ನಡೆಯುತ್ತದೆ. ವಾರದ ಗಳಿಕೆ ಒಪ್ಪಂದದಲ್ಲಿ ಬರೆದ ಮೊತ್ತಕ್ಕಿಂತ ಸಾಮಾನ್ಯವಾಗಿ ಎರಡು ವಾರ ಸತತವಾಗಿ ಕೆಳಗಿಳಿದರೆ, ಜಾಗ ಬಿಡಿ ಎನ್ನುವ ಹಕ್ಕು ಅವರಿಗಿರುತ್ತದೆ. ಅಲ್ಲಿರುವುದು 41 ರಂಗಮಂದಿರಗಳು ಮಾತ್ರ, ಹೊರಗೆ ಕಾಯುತ್ತಿರುವ ನಾಟಕಗಳಿಗೆ ಕೊರತೆಯಿಲ್ಲ.

ಇನ್ನು ಟಿಕೆಟ್ ಮಾರಾಟವನ್ನು ಏರಿಸಿ ಇಳಿಸುವ ಸಂಗತಿಗಳಲ್ಲಿ ತಾರೆಯ ಹೆಸರು ಮುಖ್ಯವಾದದ್ದು, ಅಷ್ಟೇ ಅಪಾಯದ್ದು. 2001ರಲ್ಲಿ ‘ದಿ ಪ್ರೊಡ್ಯೂಸರ್ಸ್’ ಎಂಬ ಸಂಗೀತ ನಾಟಕ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗಳಲ್ಲಿ ಹನ್ನೆರಡನ್ನು ಬಾಚಿ ದಾಖಲೆ ಮಾಡಿತು, ಟಿಕೆಟ್ ಸಿಗುವುದೇ ದುಸ್ತರವಾಯಿತು. ಮರುವರ್ಷ ಮಾರ್ಚಿನಲ್ಲಿ ಅದರ ಮುಖ್ಯ ನಟರಾದ ನಾಥನ್ ಲೇನ್ ಮತ್ತು ಮ್ಯಾಥ್ಯೂ ಬ್ರಾಡರಿಕ್ ಪಾತ್ರ ಬಿಟ್ಟುಹೋದ ಮೇಲೆ ಮಾರಾಟ ಇಳಿಯಿತು. 2003ರ ಕೊನೆಗೆ ಅವರನ್ನೇ ಕೆಲವು ತಿಂಗಳ ಮಟ್ಟಿಗೆ ಮರಳಿ ಕರೆತಂದಾಗ ಮತ್ತೆ ಏರಿತು. ನಾಟಕದ ಹೆಸರಿಗಿಂತ ನಟನ ಹೆಸರು ದೊಡ್ಡದಾಗಿ ಅಚ್ಚಾದ ಪೋಸ್ಟರ್ ಕಂಡಾಗ ಮೊದಲ ವಾರದ ಗಳಿಕೆಯ ಬಗ್ಗೆ ನನಗೆ ಅನುಮಾನ ಬರುವುದಿಲ್ಲ. ಆ ನಟ ಹೋದ ಮೇಲಿನ ವಾರಗಳ ಬಗ್ಗೆ ಬರುತ್ತದೆ.

ಕಾಲಮಾನವೂ ಹಾಗೆಯೇ. ಕ್ರಿಸ್‌ಮಸ್ ವಾರ ನ್ಯೂಯಾರ್ಕಿನಲ್ಲಿ ಸುಗ್ಗಿ, ಅದು ಕಳೆದ ಕೂಡಲೇ ಬರುವ ಜನವರಿ, ಫೆಬ್ರವರಿ ಬರಗಾಲ. ಆದ್ದರಿಂದಲೇ ಜನವರಿಯ ಮೊದಲ ವಾರಗಳಲ್ಲಿ ಅಲ್ಲಿ ಹಲವು ನಾಟಕಗಳು ಒಟ್ಟಿಗೆ ಬಾಗಿಲು ಹಾಕುತ್ತವೆ. ತುಮಕೂರಿನ ಪಂಚಾಂಗ ಬೇರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ದಿನಗಳಲ್ಲಿ ಸಂಸಾರಸಮೇತ ಬರುವವರು ಕಡಿಮೆ. ಲಗ್ನದ ಭಾನುವಾರ ಟಿಕೆಟ್ ಕೊಂಡವರೂ ಮದುವೆಮನೆಗೆ ಹೋಗುತ್ತಾರೆ. ಇವೆಲ್ಲಕ್ಕಿಂತ ಹೆಚ್ಚಾಗಿ ನಾನು ಕೊನೆಯ ಬಸ್ಸನ್ನು ಲೆಕ್ಕಕ್ಕೆ ಹಿಡಿಯುತ್ತೇನೆ. ಆಟ ಏಳಕ್ಕೆಂದು ಹೇಳಿ ಏಳೂಮುಕ್ಕಾಲಿಗೆ ಆರಂಭಿಸಿದರೆ ಕುಣಿಗಲ್, ಕೊರಟಗೆರೆ ಕಡೆಯವರು ಎರಡನೆಯ ಅಂಕದಲ್ಲೇ ಗಡಿಯಾರ ನೋಡತೊಡಗುತ್ತಾರೆ, ಮುಂದಿನ ಸಲ ಬರುವುದಿಲ್ಲ. ಅತಿಥಿಗಳ ಭಾಷಣವನ್ನು ಬಿಟ್ಟರೆ ಎಷ್ಟು ಟಿಕೆಟ್ ಹೆಚ್ಚು ಹೋಗಬಹುದೆಂದು ಸಂಘಟಕರು ಒಮ್ಮೆ ಪರೀಕ್ಷಿಸಿ ನೋಡುವುದೊಳ್ಳೆಯದು.

ಪ್ರಶ್ನೆ: ಸೀಟು ಖಾಲಿ ಉಳಿಯುವುದಾದರೆ ಕೊನೆಯ ಗಳಿಗೆಯಲ್ಲಿ ಅರ್ಧ ಬೆಲೆಗೆ ಮಾರಬಾರದೇ? (ಓದುಗರು, ತಿಪಟೂರು)

ಉತ್ತರ: ಮಾರಬಹುದು, ಮಾರುತ್ತಾರೆ ಕೂಡ. ಈ ರಾತ್ರಿ ಮಾರಾಟವಾಗದ ಸೀಟನ್ನು ನಾಳೆಗೆ ಎತ್ತಿಡಲು ಬರುವುದಿಲ್ಲವಾದ್ದರಿಂದ, ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ಅಂದಂದಿನ ಆಟದ ಟಿಕೆಟ್ಟುಗಳನ್ನು ರಿಯಾಯಿತಿಗೆ ಮಾರುವ ಕೌಂಟರ್ 1973ರಿಂದ ನಡೆದುಬಂದಿದೆ. ಅದರ ಎದುರು ತುದಿಯಲ್ಲಿ, ಬೇಡಿಕೆ ಕುದುರಿದಾಗ ಒಳ್ಳೆಯ ಸೀಟುಗಳಿಗೆ ಹಲವು ಪಟ್ಟು ದರ ಕೇಳುವ ಪದ್ಧತಿಯೂ ಇದೆ; ಮೇಲೆ ಹೇಳಿದ ‘ಪ್ರೊಡ್ಯೂಸರ್ಸ್’ ನಾಟಕವೇ 2001ರಲ್ಲಿ ಕೆಲವು ಸೀಟುಗಳಿಗೆ 480 ಡಾಲರ್ ಇಟ್ಟು ಅದಕ್ಕೆ ದಾರಿ ಮಾಡಿತು. ರಿಯಾಯಿತಿಯ ತೊಂದರೆಯೆಂದರೆ, ಜನ ಅದಕ್ಕೇ ಕಾಯುವುದನ್ನು ಕಲಿತುಬಿಡುತ್ತಾರೆ. ಮುಂಗಡ ಮಾರಾಟ ಕುಸಿದರೆ ತಂಡಕ್ಕೆ ಮುಂದಿನ ತಿಂಗಳ ಧೈರ್ಯ ಉಳಿಯುವುದಿಲ್ಲ, ಏಕೆಂದರೆ ಸಭಾಂಗಣಕ್ಕೂ ವಾದ್ಯದವರಿಗೂ ಮುಂಗಡ ಕೊಡಬೇಕಾದವರು ಅವರು. ವಿದ್ಯಾರ್ಥಿಗಳಿಗೆಂದು ಹಿಂದಿನ ಸಾಲುಗಳನ್ನು ಮೊದಲೇ ಕಡಿಮೆ ದರಕ್ಕೆ ಮೀಸಲಿಡುವುದು ನನ್ನ ಮಟ್ಟಿಗೆ ಇದಕ್ಕಿಂತ ಮೇಲು. ನಮ್ಮಲ್ಲಿ ನಾಟಕದ ಟಿಕೆಟ್ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ವಿನಾಯಿತಿಯೂ ಇದೆ, ಆದ್ದರಿಂದ ಆ ಗೆರೆಯ ಒಳಗೇ ಎರಡು ಮೂರು ದರ್ಜೆ ಮಾಡಿಕೊಳ್ಳಲು ಅಡ್ಡಿಯಿಲ್ಲ.

ಪ್ರಶ್ನೆ: ನಮ್ಮೂರಿನ ‘ಕುರುಕ್ಷೇತ್ರ’ಕ್ಕೆ ಟಿಕೆಟ್ಟೇ ಇಲ್ಲ, ಆದರೂ ನಿಂತಿಲ್ಲವಲ್ಲ? (ಓದುಗರು, ಗುಬ್ಬಿ ತಾಲ್ಲೂಕು)

ಉತ್ತರ: ಅಲ್ಲಿ ಟಿಕೆಟ್ ಕೊಳ್ಳುವವರು ನಟರೇ. ದುರ್ಯೋಧನ, ಕೃಷ್ಣ, ಭೀಮ ಮುಂತಾದ ಪಾತ್ರಗಳಿಗೆ ಪಾತ್ರಧಾರಿಗಳು ತಾವೇ ಹಣ ಕಟ್ಟುತ್ತಾರೆ. ಕಂದ ಪದ್ಯ ಹೆಚ್ಚಿದ್ದ ಪಾತ್ರಕ್ಕೆ ಹೆಚ್ಚು ಹಣ. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಸ್ತ್ರೀ ಪಾತ್ರಕ್ಕೆ ಕರೆಸುವ ಕಲಾವಿದೆಯರು, ಇವರ ಸಂಭಾವನೆಯೆಲ್ಲ ಆ ಹಣದಿಂದ ಹಾಗೂ ಊರಿನ ಚಂದಾದಿಂದ ಸಲ್ಲುತ್ತದೆ. ನೋಡುಗರ ಸಂಖ್ಯೆ ಕಡಿಮೆಯಾದರೂ ಲೆಕ್ಕ ಕೆಡದಿರುವುದು ಇದರಿಂದಲೇ. ಇಡೀ ರಾತ್ರಿ ತಾಲೀಮಿಗೆ ಕೂರುವ, ಪಾತ್ರಕ್ಕೆ ಹಣ ಕಟ್ಟುವ ಹುಡುಗರು ಊರಲ್ಲಿ ಉಳಿಯದೆ ಬೆಂಗಳೂರಿನ ಕೆಲಸಕ್ಕೆ ಹೋದ ಕಡೆ ಮಾತ್ರ ನಾಟಕ ನಿಂತಿದೆ, ಅಥವಾ ಅವರಿಗೆ ರಜೆ ಸಿಗುವ ಯುಗಾದಿಯ ಆಸುಪಾಸಿಗೆ ಸರಿದಿದೆ.