ಓದಿದರೆ ಇಪ್ಪತ್ತು ರೂಪಾಯಿ!

ಪ್ರಶ್ನೆ: ಮೇಡಂ, ಮಗಳು ನಾಲ್ಕನೇ ಕ್ಲಾಸು. ಮೊದಲಿಂದಲೂ ಕಥೆ ಪುಸ್ತಕದ ಹುಚ್ಚು. ರಜೆಯಲ್ಲಿ ಮೊಬೈಲ್ ಬಿಡಿಸೋಣ ಅಂತ ಅವಳ ಅಪ್ಪ ‘ಒಂದು ಪುಸ್ತಕ ಓದಿದರೆ ಇಪ್ಪತ್ತು ರೂಪಾಯಿ’ ಅಂದರು. ಈಗ ತೆಳ್ಳಗಿನ ಪುಸ್ತಕಗಳನ್ನೇ ಹುಡುಕುತ್ತಾಳೆ. ದುಡ್ಡಿಲ್ಲ ಅಂದರೆ ಮುಟ್ಟುವುದೇ ಇಲ್ಲ. ಎರಡನೇ ಕ್ಲಾಸಿನ ಮಗನಿಗೆ ಓದು ಅಂದರೆ ಆಗಲ್ಲ. ಅವನೂ ‘ನಂಗೂ ಕೊಡಿ’ ಅಂತ ಶುರು ಮಾಡಿದ್ದಾನೆ. ಏನು ಮಾಡಲಿ?
– ಗೃಹಿಣಿ, ಶಿವಮೊಗ್ಗ

ಉತ್ತರ: ಮೊದಲಿಗೆ, ಮಗಳನ್ನು ಬೈಯಬೇಡಿ. ಪುಸ್ತಕಕ್ಕಿಷ್ಟು ಅಂತ ರೇಟು ಕಟ್ಟಿದ್ದು ನೀವು. ಪುಟಕ್ಕಿಷ್ಟು ಅಂದಿದ್ದರೆ ದಪ್ಪ ಅಕ್ಷರದ ದಪ್ಪ ಪುಸ್ತಕ ಹುಡುಕುತ್ತಿದ್ದಳು. ಲೆಕ್ಕದಲ್ಲಿ ಜಾಣೆ, ಅಷ್ಟೇ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಇಂಥದ್ದೇ ಒಂದು ಪರೀಕ್ಷೆ ಮಾಡಿದ್ದರು. 1973ರಲ್ಲಿ ಅದು ಪ್ರಕಟವಾಯಿತು. ಸ್ಕೆಚ್ ಪೆನ್ ಕಂಡರೆ ತಾವಾಗಿಯೇ ಚಿತ್ರ ಬಿಡಿಸಲು ಕೂರುತ್ತಿದ್ದ ಮಕ್ಕಳನ್ನಷ್ಟೇ ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್ ಕೊಡ್ತೀವಿ’ ಅಂತ ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಬಿಟ್ಟು ಆಟದ ಹೊತ್ತಿನಲ್ಲಿ ಸುಮ್ನೆ ಪೆನ್ನುಗಳನ್ನು ಮೇಜಿನ ಮೇಲಿಟ್ಟರು. ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿಸಿಕೊಂಡಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಬಹುಮಾನದ ಆಸೆಗೆ ಅವರು ಬರೆದ ಚಿತ್ರಗಳೂ ಸಾಧಾರಣವಾಗಿದ್ದವು. ನಿಮ್ಮ ತೆಳ್ಳಗಿನ ಪುಸ್ತಕಗಳ ಹಾಗೆ.

ಇದರಲ್ಲಿ ನನಗೆ ಇಷ್ಟವಾಗುವುದು ಎರಡನೇ ಗುಂಪು. ಕೇಳದೆ ಸಿಕ್ಕ ಬಹುಮಾನ ಆ ಮಕ್ಕಳ ಆಸಕ್ತಿಯನ್ನೇನೂ ಕೆಡಿಸಲಿಲ್ಲ. ಅಂದರೆ ಕೊಟ್ಟಿದ್ದಕ್ಕಿಂತ ‘ಮಾಡಿದರೆ ಕೊಡ್ತೀನಿ’ ಅಂದಿದ್ದೇ ತೊಂದರೆ. ಹಾಗಾಗಿ ಮಗಳ ರೇಟು ಇವತ್ತೇ ನಿಲ್ಲಿಸಿ. ಕೆಲವು ದಿನ ಮುನಿಸಿಕೊಳ್ಳುತ್ತಾಳೆ, ಮುನಿಸಿಕೊಳ್ಳಲಿ. ಯಾವಾಗಲಾದರೂ ಅವಳಪ್ಪ ಪೇಟೆಯಿಂದ ಬರುವಾಗ ಸುಮ್ನೆ ಒಂದು ಪುಸ್ತಕ ತಂದುಕೊಡಲಿ.

ಮಗನ ವಿಷಯ ಬೇರೆ. ಇಲ್ಲದ ಆಸಕ್ತಿ ಕೆಡುವುದಾದರೂ ಹೇಗೆ? ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ ಅಮೆರಿಕದ ಡಲ್ಲಾಸ್‌ನಲ್ಲಿ ಎರಡನೇ ಕ್ಲಾಸಿನ ಮಕ್ಕಳಿಗೆ ಪುಸ್ತಕಕ್ಕೆ 2 ಡಾಲರ್ ಕೊಡಿಸಿದರು. ಬರೀ ಓದಿದೆ ಅಂದರೆ ಸಾಲದು, ಕಂಪ್ಯೂಟರಿನಲ್ಲಿ ಪ್ರಶ್ನೆಗಳಿಗೆ ಉತ್ತರಿಸಬೇಕು. ಓದಿ ಅರ್ಥ ಮಾಡಿಕೊಳ್ಳುವುದು ಸುಧಾರಿಸಿತು. ಅದೇ ಫ್ರೈಯರ್ ನ್ಯೂಯಾರ್ಕಿನಲ್ಲಿ ಮಾರ್ಕ್ಸಿಗೆ ದುಡ್ಡು ಕೊಡಿಸಿದಾಗ ಮಾರ್ಕ್ಸ್ ಜಾಸ್ತಿಯಾಗಲಿಲ್ಲ. ಮಕ್ಕಳಿಗೆ ದುಡ್ಡು ಬೇಕಿತ್ತು, ಆದರೆ ಮಾರ್ಕ್ಸ್ ತರುವುದು ಹೇಗೆ ಅಂತ ಗೊತ್ತಿರಲಿಲ್ಲ. ಪುಸ್ತಕ ತೆಗೆದು ಓದುವುದು ಹೇಗೆ ಅಂತ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? (ಫಸ್ಟ್ ರ‍್ಯಾಂಕ್ ಬಂದರೆ ಸೈಕಲ್ ಅನ್ನುವ ಅಪ್ಪಂದಿರು ಇದನ್ನು ಓದಲಿ.) ಮಗನಿಗೆ ಸ್ವಲ್ಪ ದಿನ ಕೊಡಿ, ಪರವಾಗಿಲ್ಲ. ಆದರೆ ಕಥೆ ಹೇಳಿದ ಮೇಲೇ ಕಾಸು. ಮಗಳು ‘ಅವನಿಗೆ ಮಾತ್ರ ಯಾಕೆ?’ ಅಂತ ಜಗಳಕ್ಕೆ ಬಂದರೆ ಕಥೆ ಕೇಳಿ ಪರೀಕ್ಷೆ ಮಾಡುವ ಟೀಚರ್ ಕೆಲಸ ಅವಳಿಗೇ ಕೊಡಿ. ಸಂಬಳವಿಲ್ಲದೆ.

ಪ್ರಶ್ನೆ: ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ನಡೆಸುತ್ತೇನೆ. ಸಂಜೆ ಕೆಲವರು ದಿನಾ ತಡವಾಗಿ ಬರುತ್ತಾರೆ. ಐವತ್ತು ರೂಪಾಯಿ ದಂಡ ಹಾಕಲೇ?
– ಓದುಗಿ, ಹುಬ್ಬಳ್ಳಿ

ಉತ್ತರ: ಬೇಡ. ಇಸ್ರೇಲಿನ ಹೈಫಾ ನಗರದ ಶಿಶುಪಾಲನಾ ಕೇಂದ್ರಗಳಲ್ಲಿ ಹೀಗೇ ಮಾಡಿ ನೋಡಿದ್ದಾರೆ. ಹತ್ತು ನಿಮಿಷಕ್ಕಿಂತ ತಡವಾದರೆ 10 ಶೆಕೆಲ್ (ಅಲ್ಲಿನ ದುಡ್ಡು) ದಂಡ. ತಿಂಗಳ ಫೀಸು 1400 ಶೆಕೆಲ್, ಹಾಗಾಗಿ ಅದು ಪುಡಿಗಾಸು. ತಡವಾಗಿ ಬರುವವರು ಹೆಚ್ಚುಕಡಿಮೆ ಎರಡರಷ್ಟಾದರು! ಅದುವರೆಗೆ ಟೀಚರ್ ಕಾಯುತ್ತಾರಲ್ಲ ಅಂತ ಓಡಿ ಬರುತ್ತಿದ್ದವರು ‘ದುಡ್ಡು ಕೊಡ್ತೀವಲ್ಲ’ ಅಂತ ನಿಧಾನವಾದರು. ದಂಡ ತೆಗೆದ ಮೇಲೂ ಹಳೆಯ ಹೊತ್ತಿಗೆ ಬರಲಿಲ್ಲ. ಅರ್ಥಶಾಸ್ತ್ರಜ್ಞರಾದ ಯೂರಿ ಗ್ನೀಝಿ, ಆಲ್ಡೊ ರುಸ್ಟಿಕೀನಿ 2000ದಲ್ಲಿ ಇದನ್ನು ಪ್ರಕಟಿಸಿದರು.

ನಿಮ್ಮ ಆಯಾ ಮನೆಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಅಂತ ಆ ಅಪ್ಪ ಅಮ್ಮಂದಿರಿಗೆ ಗೊತ್ತೇ? ಮೊದಲು ಅದನ್ನು ಹೇಳಿ ನೋಡಿ. ಆಗಲೂ ಬಗ್ಗದಿದ್ದರೆ ದಂಡ ಅನ್ನಬೇಡಿ. ‘ಆರೂವರೆ ನಂತರ ಗಂಟೆಗಿಷ್ಟು’ ಅಂತ ಸರಿಯಾದ ರೇಟೇ ಇಟ್ಟುಬಿಡಿ, ಕೈ ಸುಡುವಷ್ಟು. ಆ ದುಡ್ಡು ಆಯಾಗೆ ಹೋಗಲಿ.