ಲೆಕ್ಕದಲ್ಲಿ ತಡೆ 33, ಪ್ರಯೋಗದಲ್ಲಿ 23: ಫಂಕ್ಷನಲ್ ಬದಲಿಸಬೇಕೇ?

ನಿಮ್ಮ ಪ್ರಶ್ನೆ ಇದು: ಕಬ್ಬಿಣದ ಪಿನ್ಸರ್ ವೇಗವರ್ಧಕ (ಲೋಹವನ್ನು ಒಂದೇ ಲಿಗ್ಯಾಂಡ್, ಅಂದರೆ ಲೋಹಕ್ಕೆ ಅಂಟಿದ ಅಣು, ಮೂರು ಕಡೆ ಇಕ್ಕಳದಂತೆ ಹಿಡಿದಿರುವಂಥದ್ದು) ಎಥನಾಲ್‌ನಲ್ಲಿ ಕೀಟೋನನ್ನು ಹೈಡ್ರೋಜನೀಕರಿಸುತ್ತದೆ. 25 ಡಿಗ್ರಿಯಲ್ಲಿ ಎರಡು ಗಂಟೆಗೆ ಅರ್ಧ ಮುಗಿಯುತ್ತದೆ. ಆದರೆ ಡಿಎಫ್‌ಟಿ (ಎಲೆಕ್ಟ್ರಾನ್ ಸಾಂದ್ರತೆಯಿಂದ ಶಕ್ತಿ ಕಂಡುಹಿಡಿಯುವ ವಿಧಾನ) ಲೆಕ್ಕದಲ್ಲಿ, ಕ್ರಿಯೆ ದಾಟಬೇಕಾದ ಶಕ್ತಿಯ ತಡೆ ಮೋಲ್‌ಗೆ 33 ಕಿಲೊಕ್ಯಾಲೊರಿ ಬರುತ್ತಿದೆ.

ಫಂಕ್ಷನಲ್‌ಗೆ, ಅಂದರೆ ಡಿಎಫ್‌ಟಿ ಬಳಸುವ ಅಂದಾಜು ಸೂತ್ರಕ್ಕೆ, ಈಗಲೇ ಕೈ ಹಾಕಬೇಡಿ. ತಡೆಯನ್ನು ವೇಗಕ್ಕೆ ಜೋಡಿಸುವ ಐರಿಂಗ್ ಸಮೀಕರಣದ ಪ್ರಕಾರ ಎರಡು ಗಂಟೆಯ ಅರ್ಧಾಯುಷ್ಯ ಎಂದರೆ ಸುಮಾರು 23. 33 ಆದರೆ ಅದೇ ಅರ್ಧಾಯುಷ್ಯ 5,000 ವರ್ಷ ದಾಟುತ್ತದೆ. ಡಿ3ಯಂಥ ಡಿಸ್ಪರ್ಷನ್ (ಅಣುಭಾಗಗಳ ನಡುವಿನ ದುರ್ಬಲ ಆಕರ್ಷಣೆ) ತಿದ್ದುಪಡಿ ಹಾಕಿದ ಮೇಲೂ ಇಷ್ಟು ಅಂತರ ಉಳಿದರೆ, ನನ್ನ ಅನುಮಾನ ಮೊದಲು ಹೋಗುವುದು ಕ್ರಿಯಾಮಾರ್ಗದ ಮೇಲೆ.

ಹೈಡ್ರೋಜನ್ ಸೀಳುವ ಹಂತ ನೋಡಿ. ಕಬ್ಬಿಣ, ಎರಡು ಹೈಡ್ರೋಜನ್, ಲಿಗ್ಯಾಂಡಿನ ನೈಟ್ರೋಜನ್ ಸೇರಿ ನಾಲ್ಕು ಪರಮಾಣುಗಳ ಬಿಗಿ ಉಂಗುರವಾಗಿದ್ದರೆ ತಡೆ ಏರಿಯೇ ಏರುತ್ತದೆ. ಅಲ್ಲಿಗೆ ಒಂದು ಎಥನಾಲ್ ಅಣು ಸೇರಿಸಿ: ಅದರ ಆಕ್ಸಿಜನ್ ಒಂದು ಪ್ರೋಟಾನ್ ಪಡೆಯುತ್ತದೆ, ತನ್ನದನ್ನು ನೈಟ್ರೋಜನ್‌ಗೆ ಕೊಡುತ್ತದೆ, ಹೈಡ್ರೈಡ್ (ಎಲೆಕ್ಟ್ರಾನ್ ಜೋಡಿ ಹೊತ್ತ ಇನ್ನೊಂದು ಹೈಡ್ರೋಜನ್) ಕಬ್ಬಿಣದಲ್ಲೇ ಉಳಿಯುತ್ತದೆ. ಉಂಗುರ ಆರರದ್ದಾಗಿ ಸಡಿಲಗೊಳ್ಳುತ್ತದೆ. ಕೈಬದಲಾಗುವ ಹೈಡ್ರೋಜನ್‌ಗಳನ್ನು ಆಕ್ಸಿಜನ್‌ನಿಂದ 1.2–1.3 ಆಂಗ್‌ಸ್ಟ್ರಾಮ್ ದೂರಕ್ಕೆ ಕಟ್ಟಿಹಾಕಿ ಉಳಿದದ್ದನ್ನು ಆಪ್ಟಿಮೈಸ್ ಮಾಡಿ, ಆಮೇಲೆ ಬಿಡಿಸಿ ಟ್ರಾನ್ಸಿಷನ್ ಸ್ಟೇಟ್ (ಮಾರ್ಗದಲ್ಲಿ ಶಕ್ತಿಯ ತುದಿಯಲ್ಲಿರುವ ರಚನೆ) ಹುಡುಕಿ. ಅಂಥ ತುದಿಯ ಗುರುತಾದ ಕಾಲ್ಪನಿಕ ಆವೃತ್ತಿ ಒಂದೇ ಇದ್ದರೆ ಸಾಲದು. ಆ ಕಂಪನದಲ್ಲಿ ಪ್ರೋಟಾನ್‌ಗಳೇ ಓಡಾಡುತ್ತಿವೆಯೇ ಎಂದು ಕಣ್ಣಾರೆ ನೋಡಿ, ಎರಡೂ ಕಡೆಗೆ ಐಆರ್‌ಸಿ (ತುದಿಯಿಂದ ಕೆಳಗಿಳಿಯುವ ದಾರಿಯ ಲೆಕ್ಕ) ಓಡಿಸಿ.

ಲಿಗ್ಯಾಂಡಿನ ಫಾಸ್ಫೀನ್ ತೋಳುಗಳ ಐಸೊಪ್ರೊಪೈಲ್ ಗುಂಪುಗಳು ತಿರುಗಿ ಕೂತರೂ ಕೆಲವು ಕಿಲೊಕ್ಯಾಲೊರಿ ಹೆಚ್ಚುಕಡಿಮೆಯಾಗಬಹುದು. ಬಂಧ ಬದಲಾಗುವ ಭಾಗವನ್ನು ಸ್ಥಿರವಾಗಿಟ್ಟು ಕ್ರೆಸ್ಟ್ ಎಂಬ ತಂತ್ರಾಂಶದಲ್ಲಿ ಕನ್ಫಾರ್ಮರ್ (ಅದೇ ಅಣುವಿನ ಬೇರೆ ಭಂಗಿ) ಹುಡುಕಿ.

ಇನ್ನು ಎಂಟ್ರೊಪಿ. ಸಡಿಲವಾಗಿ ಜೋತುಬಿದ್ದ ಎಥನಾಲ್‌ನಿಂದ ತೀರಾ ಕಡಿಮೆ ಆವೃತ್ತಿಯ ಕಂಪನಗಳು ಬರುತ್ತವೆ. ಅಂಥದ್ದೊಂದು ಪ್ರತಿ ಸೆಂಟಿಮೀಟರಿಗೆ 10 ಆಗಿದೆಯೋ 100 ಆಗಿದೆಯೋ ಎಂಬುದರ ಮೇಲೆಯೇ ಹಾರ್ಮೋನಿಕ್ ಲೆಕ್ಕ 1.4 ಕಿಲೊಕ್ಯಾಲೊರಿ ಅಲುಗುತ್ತದೆ, ಅಂದರೆ ವೇಗ ಹತ್ತು ಪಟ್ಟು. ಇಂಥ ಕಂಪನಗಳ ಎಂಟ್ರೊಪಿಯನ್ನು ಹದ್ದಿನಲ್ಲಿಡುವ, ಗ್ರಿಮ್ಮೆಯವರ ಕ್ವಾಸಿ-ಆರ್‌ಆರ್‌ಎಚ್‌ಒ ವಿಧಾನ ಬಳಸಿ. ಅನಿಲದ ಪ್ರಮಾಣಸ್ಥಿತಿಯಾದ 1 ಅಟ್ಮಾಸ್ಫಿಯರ್‌ನಿಂದ ದ್ರಾವಣದ 1 ಮೋಲಾರ್‌ಗೆ ಬರುವಾಗ ದ್ರಾವಣದಲ್ಲಿರುವ ಪ್ರತಿಯೊಂದು ಅಣುವಿಗೂ 1.9 ಕೂಡಿಸಬೇಕು. ಶುದ್ಧ ಎಥನಾಲ್ 17 ಮೋಲಾರ್ ಇರುವುದರಿಂದ ಅದಕ್ಕೆ ಇನ್ನೂ 1.7. ಇದನ್ನು ಮರೆತರೆ ಎಥನಾಲ್ ಸೇರಿಸಿದ ದಾರಿಗೆ 3.6 ಕಿಲೊಕ್ಯಾಲೊರಿ ಸುಮ್ಮನೆ ದಂಡ ಬೀಳುತ್ತದೆ, ಸರಿಯಾದ ಮಾರ್ಗವನ್ನೇ ನೀವು ಕೈಬಿಟ್ಟುಬಿಡುತ್ತೀರಿ.

ಕಬ್ಬಿಣವಾದ್ದರಿಂದ ಪ್ರತಿ ಮಧ್ಯವರ್ತಿಗೂ ಸಿಂಗ್ಲೆಟ್ (ಎಲ್ಲ ಎಲೆಕ್ಟ್ರಾನ್‌ಗಳೂ ಜೋಡಿಯಾದ ಸ್ಥಿತಿ) ಜೊತೆ ಟ್ರಿಪ್ಲೆಟ್ (ಎರಡು ಒಂಟಿ ಎಲೆಕ್ಟ್ರಾನ್ ಇರುವ ಸ್ಥಿತಿ) ಕೂಡ ಲೆಕ್ಕ ಮಾಡಿ. ಟ್ರಿಪ್ಲೆಟ್‌ನಲ್ಲಿ ಸ್ಪಿನ್ ಶುದ್ಧತೆ ತೋರಿಸುವ ಎಸ್-ವರ್ಗದ ಬೆಲೆ 2.0 ಸುತ್ತ ಇರಬೇಕು. ಫಂಕ್ಷನಲ್‌ಗಳ ಪೈಕಿ ಬಿ3ಎಲ್‌ವೈಪಿ ಹೈ ಸ್ಪಿನ್ (ಒಂಟಿ ಎಲೆಕ್ಟ್ರಾನ್ ಹೆಚ್ಚು) ಕಡೆ, ಬಿಪಿ86 ಲೋ ಸ್ಪಿನ್ ಕಡೆ ವಾಲುತ್ತವೆ. ಫಂಕ್ಷನಲ್ ಪ್ರಶ್ನೆ ನಿಜವಾಗಿ ಏಳುವುದು ಇಲ್ಲಿ. ಎರಡೂ ಬೇರೆಬೇರೆ ಉತ್ತರ ಕೊಟ್ಟರೆ ಡಿಎಫ್‌ಟಿಗಿಂತ ದುಬಾರಿಯಾದ ಡಿಎಲ್‌ಪಿಎನ್‌ಒ-ಸಿಸಿಎಸ್‌ಡಿ(ಟಿ) ವಿಧಾನದ ಸಿಂಗಲ್ ಪಾಯಿಂಟ್‌ನಿಂದ (ರಚನೆ ಬದಲಿಸದೆ ಶಕ್ತಿಯನ್ನಷ್ಟೇ ಲೆಕ್ಕ ಹಾಕುವುದು) ತಾಳೆ ನೋಡಿ.

ಸಂಖ್ಯೆ 23ರ ಹತ್ತಿರ ಬಂದರೂ ಅಲ್ಲಿಗೇ ನಿಲ್ಲಬೇಡಿ. ಡ್ಯೂಟೀರಿಯಂ ಅನಿಲದಲ್ಲಿ ವೇಗ ಎಷ್ಟು ಕುಗ್ಗುತ್ತದೆ ಎಂದು ಅದೇ ಮಾರ್ಗದಿಂದ ಲೆಕ್ಕ ಹಾಕಿ, ಪ್ರಯೋಗ ಮಾಡುವವರಿಗೆ ಅಳೆಯಲು ಕೊಡಿ.