ಹಳೆಯದೆಲ್ಲ ನೆನಪಿದೆ, ಬೆಳಗಿನದು ಮಾತ್ರ ಇಲ್ಲ. ಯಾಕೆ?

ವಿರಾಜಪೇಟೆ ಹತ್ತಿರದ ನಿಮ್ಮ ಅಜ್ಜಿಗೆ ಮದುವೆಯಾದ ವರ್ಷದ ಪುತ್ತರಿ ಹಬ್ಬ ಚೆನ್ನಾಗಿ ನೆನಪಿದೆ, ಬೆಳಗ್ಗೆ ಕಡಂಬುಟ್ಟು ತಿಂದದ್ದು ನೆನಪಿಲ್ಲ ಎಂದು ಬರೆದಿದ್ದೀರಿ. ಡಾಕ್ಟರು ಆಲ್‌ಝೈಮರ್ ಇರಬಹುದು ಎಂದು ಹೇಳಿ, 'ಎಂಟೋರೈನಲ್ ಕಾರ್ಟೆಕ್ಸ್' ಎಂಬ ಹೆಸರು ಎತ್ತಿದರಂತೆ. ಅಲ್ಲಿ ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸುವ ಜಾಗಗಳಾದ ಸಿನಾಪ್ಸ್‌ಗಳು ಹೇಗಿರುತ್ತವೆ ಎನ್ನುವುದು ನಿಮ್ಮ ಪ್ರಶ್ನೆ. ನಾನು ಮಡಿಕೇರಿಯಲ್ಲಿ ಡಿಗ್ರಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಡಾಕ್ಟರ್ ಅಲ್ಲ.

ಈ ಭಾಗ ಮಿದುಳಿನ ಟೆಂಪೊರಲ್ ಹಾಲೆಯ, ಅಂದರೆ ಕಿವಿಯ ಪಕ್ಕದ ಭಾಗದ, ಒಳಬದಿಯಲ್ಲಿದೆ, ಹಿಪೊಕ್ಯಾಂಪಸ್‌ಗೆ ಅಂಟಿಕೊಂಡೇ. ನೋಡಿದ್ದು, ಕೇಳಿದ್ದು ಹೊಸ ನೆನಪಾಗಲು ಹಿಪೊಕ್ಯಾಂಪಸ್‌ಗೆ ಹೋಗಬೇಕು. ಹೆಚ್ಚಿನದು ಹೋಗುವುದು ಈ ಗೇಟಿನ ಮೂಲಕವೇ. ಇದರ ಎರಡನೇ ಪದರದ ನರಕೋಶಗಳು ಉದ್ದನೆಯ ತಂತುಗಳನ್ನು ಅಲ್ಲಿಗೆ ಚಾಚಿರುತ್ತವೆ.

ಇನ್ನು ಸಿನಾಪ್ಸ್. ಎರಡು ನರಕೋಶಗಳ ನಡುವೆ ಸುಮಾರು 20 ನ್ಯಾನೋಮೀಟರ್ ಸಂದು, ಅಷ್ಟೇ. ಅದನ್ನು ದಾಟಿಸುವುದು ರಾಸಾಯನಿಕ. ಗ್ಲುಟಮೇಟ್ ಬಂದರೆ ಮುಂದಿನ ಕೋಶ ಚುರುಕಾಗುತ್ತದೆ, ಗಾಬಾ ಬಂದರೆ ಸುಮ್ಮನಾಗುತ್ತದೆ. ಕಾರ್ಟೆಕ್ಸ್‌ನಲ್ಲಿ, ಅಂದರೆ ಮಿದುಳಿನ ಹೊರಪದರದಲ್ಲಿ, ಚುರುಕು ಮಾಡುವ ಸಿನಾಪ್ಸ್‌ಗಳೇ ತುಂಬಾ ಜಾಸ್ತಿ. ಅವುಗಳಲ್ಲಿ ಬಹುಪಾಲು ನರಕೋಶದ ಕೊಂಬೆಗಳಾದ ಡೆಂಡ್ರೈಟ್‌ಗಳ ಮೇಲಿನ ಸಣ್ಣ ಮುಳ್ಳುಗಳ ತುದಿಯಲ್ಲಿ ಕೂತಿರುತ್ತವೆ. ಎಷ್ಟು ಒತ್ತೊತ್ತಾಗಿ ಗೊತ್ತಾ? ಟೆಂಪೊರಲ್ ಕಾರ್ಟೆಕ್ಸ್‌ನ ಬೇರೊಂದು ಜಾಗದಿಂದ ಸುಮಾರು ಒಂದು ಘನ ಮಿಲಿಮೀಟರ್ ತುಣುಕನ್ನು ಹಾರ್ವರ್ಡ್ ಮತ್ತು ಗೂಗಲ್‌ನವರು ಪದರ ಪದರವಾಗಿ ಕತ್ತರಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ 2024ರಲ್ಲಿ ಪ್ರಕಟಿಸಿದರು. ಕೋಶಗಳು ಸುಮಾರು 57,000, ಸಿನಾಪ್ಸ್‌ಗಳು ಸುಮಾರು 15 ಕೋಟಿ! ಪ್ರತಿ ಸಲ ಪಾಠ ಮಾಡುವಾಗಲೂ ಈ ಲೆಕ್ಕದ ಹತ್ತಿರ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಆಲ್‌ಝೈಮರ್‌ನಲ್ಲಿ ಟೌ ಪ್ರೋಟೀನಿನ ಗಂಟುಗಳು ಕಾರ್ಟೆಕ್ಸ್‌ನಲ್ಲಿ ಮೊದಲು ಕಾಣಿಸುವುದು ಎಂಟೋರೈನಲ್ ಭಾಗದ ಆಸುಪಾಸಿನಲ್ಲೇ. ಆ ಎರಡನೇ ಪದರಕ್ಕೇ ಮೊದಲ ಪೆಟ್ಟು. ಮಿದುಳಿನಲ್ಲಿ ಕಾಣುವ ಅಮಿಲಾಯ್ಡ್ ಎಂಬ ಇನ್ನೊಂದು ಪ್ರೋಟೀನಿನ ಕಲೆಗಳಿಗಿಂತ, ಎಷ್ಟು ಸಿನಾಪ್ಸ್ ಕಳೆದಿದೆ ಎನ್ನುವುದೇ ಮರೆವಿಗೆ ಹೆಚ್ಚು ಹೊಂದುತ್ತದೆ ಎಂದು 1991ರಲ್ಲೇ ರಾಬರ್ಟ್ ಟೆರ್ರಿ ಮತ್ತು ಜೊತೆಗಾರರು ತೋರಿಸಿದ್ದರು. ಹಳೆಯ ನೆನಪುಗಳು ಕಾರ್ಟೆಕ್ಸ್‌ನ ಬೇರೆ ಬೇರೆ ಕಡೆ ಹರಡಿ ಗಟ್ಟಿಯಾಗಿರುತ್ತವೆ, ಅದಕ್ಕೇ ಪುತ್ತರಿ ಉಳಿದಿದೆ.

ಆದ್ದರಿಂದ ಒಂದು ಕೇಳಿಕೊಳ್ಳುತ್ತೇನೆ. 'ಬೆಳಗ್ಗೆ ಏನು ತಿಂದಿರಿ, ಹೇಳಿ ನೋಡೋಣ' ಎಂದು ಅಜ್ಜಿಯನ್ನು ಪದೇ ಪದೇ ಪರೀಕ್ಷೆ ಮಾಡಬೇಡಿ. ಅದು ಒಳಗೆ ದಾಖಲಾಗಿಯೇ ಇಲ್ಲದಿರಬಹುದು. ಎಷ್ಟು ಒತ್ತಾಯಿಸಿದರೂ ಎಲ್ಲಿಂದ ತಂದಾರು, ಅಲ್ವಾ? ಪುತ್ತರಿಯ ಬಗ್ಗೆ ಕೇಳಿ, ಖುಷಿಯಾಗಿ ಹೇಳುತ್ತಾರೆ.

ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯಾ? ಆಗಿಲ್ಲದಿದ್ದರೆ ಮುಂದಿನ ಸಲ ಡಾಕ್ಟರ ಹತ್ತಿರ ಖಂಡಿತ ಕೇಳಿ. ಅವು ಕಡಿಮೆಯಾದರೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ.